ಮಾರ್ಕನನ್ನು ಬಿಡಿ, ಮಾವನನ್ನು ಕೇಳಿ

ಈ ವಾರ ಬೇರೊಂದು ಪತ್ರಕ್ಕೆ ಉತ್ತರ ಬರೆಯಬೇಕಿತ್ತು. ಅದು ಕಾಯಲಿ. ಈ ಪತ್ರ ಓದಿದಾಗಿನಿಂದ ನನಗೆ ಒಬ್ಬ ಮನುಷ್ಯನ ಮೇಲಿನ ಸಿಟ್ಟು ಇಳಿದಿಲ್ಲ. ಪತ್ರ ಬರೆದವರ ಮೇಲಲ್ಲ, ಅದರೊಳಗೆ ಒಂದೂವರೆ ಸಾಲಿನಲ್ಲಿ ಬಂದುಹೋಗುವ ಒಬ್ಬರ ಮೇಲೆ.

ಬರೆದವರಿಗೆ 38 ವರ್ಷ. ದೇವಭಕ್ತ ಕ್ರೈಸ್ತ ಮನೆತನ, ಸೋದರಮಾವ ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿ. ಇವರು ಮದುವೆಗೆ ಮುಂಚಿನಿಂದಲೂ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ಕಳೆದ ವರ್ಷ ಈಸ್ಟರ್ ಪಾಠಕ್ಕೆ ತಯಾರಾಗುವಾಗ, ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಗ್ರಂಥಗಳಲ್ಲೊಂದಾದ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯದ ಕೆಳಗಿದ್ದ ಸಣ್ಣಕ್ಷರದ ಟಿಪ್ಪಣಿ ಕಣ್ಣಿಗೆ ಬಿತ್ತು: 9ರಿಂದ 20ರವರೆಗಿನ ವಚನಗಳು ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ಅಂದರೆ ಯೇಸುವಿನ ಸಮಾಧಿಗೆ ಹೋದ ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ ಎನ್ನುವಲ್ಲಿಗೆ ಮಾರ್ಕ ಮುಗಿಯುತ್ತಾನೆ. ಅಲ್ಲಿಂದ ಇವರ ಓದು ಶುರುವಾಯಿತು. ಮನೆಯವರೆಲ್ಲ ಮಲಗಿದ ಮೇಲೆ, ಫೋನಿನ ಬೆಳಕಿನಲ್ಲಿ, ಒಂದು ವರ್ಷ.

ಪತ್ರದ ಮುಕ್ಕಾಲು ಭಾಗ ಆ ಓದಿನ ಪಟ್ಟಿ. ಯೇಸುವನ್ನು ಹಿಡಿದುಕೊಟ್ಟ ಯೂದನು ಮತ್ತಾಯನ ಸುವಾರ್ತೆಯಲ್ಲಿ ನೇಣು ಹಾಕಿಕೊಳ್ಳುತ್ತಾನೆ, ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದಲ್ಲಿ ಬಿದ್ದು ಹೊಟ್ಟೆಯೊಡೆದು ಸಾಯುತ್ತಾನೆ. ಮಾರ್ಕನ ಪ್ರಕಾರ ಯೇಸುವಿನ ಕಡೆಯ ಭೋಜನವೇ ಪಸ್ಕದ (ಯೆಹೂದ್ಯರ ಹಬ್ಬದ) ಊಟ. ಯೋಹಾನನ ಪ್ರಕಾರ ಪಸ್ಕದ ಊಟಕ್ಕೆ ಮೊದಲೇ ಯೇಸುವನ್ನು ಶಿಲುಬೆಗೇರಿಸಿಯಾಗಿದೆ. ಕ್ರಿಸ್ತಪೂರ್ವ 8ನೇ ಶತಮಾನದ ಯೆಶಾಯನ ಗ್ರಂಥದಲ್ಲಿ, ಕ್ರಿಸ್ತಪೂರ್ವ 539ರಲ್ಲಿ ಬಾಬೆಲನ್ನು ಗೆದ್ದ ಪರ್ಷಿಯಾದ ದೊರೆ ಕೋರೆಷನ ಹೆಸರು ಬರುತ್ತದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ ಯೋಹಾನನ ಹಳೆಯ ಪ್ರತಿಗಳಲ್ಲಿ ಇಲ್ಲ. ಪೌಲನ ಹೆಸರಿನ 13 ಪತ್ರಗಳಲ್ಲಿ 7ನ್ನು ಮಾತ್ರ ವಿದ್ವಾಂಸರು ತಕರಾರಿಲ್ಲದೆ ಅವನದೆಂದು ಒಪ್ಪುತ್ತಾರೆ. ಹೀಗೆ ಸಾಗುತ್ತದೆ. ಗಂಡನಿಗೆ ಹೇಳಿದರೆ 'ನಿನಗ್ಯಾಕೆ ಈ ಉಸಾಬರಿ' ಅಂದರಂತೆ. ಕಳೆದ ತಿಂಗಳು ತರಗತಿಯಲ್ಲಿ ಒಬ್ಬ ಹುಡುಗ 'ಇದೆಲ್ಲ ನಿಜವಾಗ್ಲೂ ಆಯ್ತಾ ಟೀಚರ್?' ಎಂದ. ಇವರು 'ಹೌದಪ್ಪ' ಎಂದರು, ಮನೆಗೆ ಬಂದು ಅತ್ತರು. ಈಗ ಕೇಳುತ್ತಿದ್ದಾರೆ: ಸಂಡೇ ಸ್ಕೂಲ್ ಬಿಟ್ಟು ಸಭೆಯ ಮುಂದೆ ಎಲ್ಲ ಹೇಳಿಬಿಡಲಾ, ಇಲ್ಲ ಬಾಯಿ ಮುಚ್ಚಿಕೊಂಡು ಸುಳ್ಳು ಹೇಳಿಕೊಂಡು ಇರಲಾ?

ಎರಡೂ ಬೇಡ. ಈ ಅಂಕಣ ಓದುವವರಿಗೆ ಗೊತ್ತಿರುವ ಹಾಗೆ, ನನಗೆ ಘೋಷಣೆಗಳೆಂದರೆ ಆಗುವುದಿಲ್ಲ. ಎದ್ದು ನಿಂತು 'ಇವತ್ತಿನಿಂದ ನಾನು ಹೀಗೆ' ಎಂದವರು ಆಮೇಲೆ ಅದನ್ನು ಕಾಯುವುದರಲ್ಲೇ ಸುಸ್ತಾಗುತ್ತಾರೆ, ಯೋಚಿಸುವುದಕ್ಕೆ ಪುರಸೊತ್ತು ಸಿಗುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಮಾಡಿದ ಯಾವ ತೀರ್ಮಾನವನ್ನೂ ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂದೂ ಹಲವು ಸಲ ಬರೆದಿದ್ದೇನೆ. ದೇವರಿದ್ದಾನೋ ಇಲ್ಲವೋ ಎನ್ನುವ ತೀರ್ಮಾನಕ್ಕೂ ಅದರಲ್ಲಿ ರಿಯಾಯಿತಿ ಇಲ್ಲ.

ಈಗ ಆ ಒಂದೂವರೆ ಸಾಲು. ಯೂದನ ಸಾವಿನ ಬಗ್ಗೆ ಬರೆಯುತ್ತಾ, ಆವರಣ ಚಿಹ್ನೆಯೊಳಗೆ, ನೀವು ಹೀಗೆ ಸೇರಿಸಿದ್ದೀರಿ: '(ಚಿಕ್ಕವಳಿದ್ದಾಗ ಇದನ್ನೇ ಕೇಳಿದ್ದಕ್ಕೆ ನಂಬಿಕೆ ಇರುವವರು ಇಂಥದ್ದು ಕೇಳುವುದಿಲ್ಲ ಎಂದಿದ್ದ ಮಾವ, ಈಗ ಹೇಳಿದರೆ ಇದೆಲ್ಲ ನಮಗೆ ಸೆಮಿನರಿಯ ಮೊದಲ ವರ್ಷದಲ್ಲೇ ಆಗಿತ್ತು ಎಂದು ನಕ್ಕರು.)' ಸೆಮಿನರಿ ಎಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆ. ಆಮೇಲೆ ಆವರಣ ಮುಚ್ಚಿ ನೀವು ಮತ್ತೆ ಹಸ್ತಪ್ರತಿಗಳಿಗೆ ಹೋಗಿಬಿಟ್ಟಿರಿ.

ನಾನು ಹೋಗಲಿಲ್ಲ. ಅಲ್ಲೇ ನಿಂತೆ.

ಪತ್ರದಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತು 'ಬಚ್ಚಿಟ್ಟರು'. ಕ್ರೈಸ್ತ ಸಭೆ ಬಚ್ಚಿಟ್ಟಿತು, ಶತಮಾನಗಟ್ಟಲೆ ಬಚ್ಚಿಟ್ಟಿತು. ಇದನ್ನು ಒಪ್ಪುವುದು ಕಷ್ಟ. ನಿಮಗೆ ವಿಷಯ ಗೊತ್ತಾದದ್ದೇ ಬೈಬಲಿನ ಪುಟದಡಿಯ ಟಿಪ್ಪಣಿಯಿಂದ. ಬಚ್ಚಿಡುವವರು ಅಚ್ಚು ಹಾಕಿಸುತ್ತಾರೆಯೇ? ಮಾರ್ಕನ ಕೊನೆಯ ವಚನಗಳು ನಿಖರವಾದ ಪ್ರತಿಗಳಲ್ಲಿ ಇಲ್ಲ ಎಂದು 4ನೇ ಶತಮಾನದಲ್ಲೇ ಕೈಸರೈಯದ ಬಿಷಪ್ ಯುಸೇಬಿಯಸ್ ಬರೆದಿದ್ದಾನೆ. ಅದೇ ಶತಮಾನದ ಎರಡು ದೊಡ್ಡ ಪ್ರತಿಗಳು, ಸಿನಾಯಿ ಮಠದಲ್ಲಿ ಸಿಕ್ಕಿದ್ದೊಂದು ಮತ್ತು ವ್ಯಾಟಿಕನ್ ಗ್ರಂಥಾಲಯದಲ್ಲಿರುವುದೊಂದು, ಅವನ ಮಾತಿಗೆ ಇವತ್ತಿಗೂ ಸಾಕ್ಷಿ. ಬೈಬಲಿನಲ್ಲಿರುವ 'ಇಬ್ರಿಯರಿಗೆ' ಎಂಬ ಪತ್ರ ಬರೆದವರು ಯಾರೆಂದು ದೇವರಿಗೇ ಗೊತ್ತು ಎಂದವನು 3ನೇ ಶತಮಾನದ ಒರಿಗೆನ್, ಧರ್ಮವಿರೋಧಿಯಲ್ಲ, ಆ ಕಾಲದ ದೊಡ್ಡ ಕ್ರೈಸ್ತ ಪಂಡಿತ.

ನನಗೆ ಬಹಳ ಇಷ್ಟವಾದವನು ಅವನ ಶಿಷ್ಯ, ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನೀಸಿಯಸ್. ಅವನು ಯೋಹಾನನ ಸುವಾರ್ತೆಯನ್ನೂ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥವನ್ನೂ ಪಕ್ಕಪಕ್ಕ ಇಟ್ಟು ಗ್ರೀಕ್ ಶೈಲಿ ನೋಡಿದ. ಒಂದರ ಭಾಷೆ ತಪ್ಪಿಲ್ಲದೆ ಹರಿಯುತ್ತದೆ, ಇನ್ನೊಂದರಲ್ಲಿ ವ್ಯಾಕರಣವೇ ಎಡವುತ್ತದೆ. ಇವೆರಡನ್ನೂ ಒಬ್ಬನೇ ಬರೆದಿರಲಾರ ಎಂದ. ಇವತ್ತಿನ ವಿದ್ವಾಂಸರು ಮಾಡುವುದೂ ಇದನ್ನೇ. ಆದರೂ ಪ್ರಕಟನೆಯನ್ನು ಅವನು ತಳ್ಳಿಹಾಕಲಿಲ್ಲ, ಬಿಷಪ್ ಕೆಲಸವನ್ನೂ ಬಿಡಲಿಲ್ಲ. ಮುಂದೆ 1522ರಲ್ಲಿ ಪ್ರೊಟೆಸ್ಟಂಟ್ ಸುಧಾರಕ ಲೂಥರ್ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ (ಬೈಬಲಿನ ಎರಡನೇ ಭಾಗ) ಇಬ್ರಿಯ, ಯಾಕೋಬ, ಯೂದ, ಪ್ರಕಟನೆ ಎಂಬ ನಾಲ್ಕು ಪುಸ್ತಕಗಳನ್ನೂ ಕೊನೆಗೆ ತಳ್ಳಿದ್ದೂ ಗುಟ್ಟಾಗೇನಲ್ಲ. 1943ರಲ್ಲಿ ಪೋಪ್ 12ನೇ ಪಯಸ್ ಕಥೋಲಿಕ ವಿದ್ವಾಂಸರಿಗೆ, ಮೂಲ ಭಾಷೆಗಳಿಗೆ ಹೋಗಿ, ಯಾವ ಗ್ರಂಥ ಯಾವ ಸಾಹಿತ್ಯ ಪ್ರಕಾರದ್ದು ಎಂದು ನೋಡಿ ಎಂದೇ ಬರೆದರು.

ಹಾಗಾದರೆ ಬಚ್ಚಿಟ್ಟವರು ಯಾರು? ನಿಮ್ಮ ಮಾವ. ಸಭೆಯ ಎರಡು ಸಾವಿರ ವರ್ಷದ ಇತಿಹಾಸಕ್ಕೆ ಹೊರಿಸಿದ ಆರೋಪ ಸಲ್ಲಬೇಕಾದದ್ದು ಒಬ್ಬ ಮನುಷ್ಯನಿಗೆ. ಪ್ರಶ್ನೆ ಕೇಳಿದ ಹುಡುಗಿಗೆ ನಿನ್ನ ನಂಬಿಕೆಯಲ್ಲೇ ಕೊರತೆ ಎಂದವರು, ಉತ್ತರ ಗೊತ್ತಿದ್ದೇ ಹಾಗೆಂದರು. ಇಷ್ಟು ವರ್ಷ ಅದೇ ಅಪರಾಧಿ ಭಾವ ಹೊತ್ತು ಬಂದವಳು ಕೊನೆಗೆ ಉತ್ತರವನ್ನು ತಾನೇ ಹುಡುಕಿಕೊಂಡು ಎದುರು ನಿಂತರೆ, ಇದೇನು ಮಹಾ ಎಂದು ನಕ್ಕರು. ಅವರಿಗೂ ಕಷ್ಟಗಳಿರಬಹುದು, ಸಭೆಯ ಹಿರಿಯರ ಭಯ, ಸಾವಿನ ಮನೆಗೆ ಸಾಂತ್ವನ ಹೇಳಲು ಹೋದಾಗ ಪಾಠಾಂತರದ, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾಗುವ ಬರಹದ ಮಾತಾಡಲಾಗದ ಸಂಕಟ. ಗೊತ್ತು. ಆದರೆ ಮೊದಲನೆಯ ಸಲ ಸುಮ್ಮನಾಗಿಸಿದ್ದನ್ನು ನಾನು ಕ್ಷಮಿಸಿಯೇನು, ಆ ನಗುವನ್ನಲ್ಲ.

ನಿಮ್ಮ ಗಂಡನ ಮೇಲೆ ನನಗೇನೂ ಸಿಟ್ಟಿಲ್ಲ. ಅವರಿಗೆ ನಿಜವಾಗಿಯೂ ಇದು ಗೊತ್ತಿಲ್ಲ.

ಒಳಗೇನೋ ಮುರಿದಿದೆ ಎಂದು ಬರೆದಿದ್ದೀರಿ, ನಂಬುತ್ತೇನೆ. ಮುರಿದದ್ದು ಹಸ್ತಪ್ರತಿಗಳಿಂದ ಎನ್ನುವುದನ್ನು ನಂಬುವುದಿಲ್ಲ. ಮಾರ್ಕನನ್ನೇ ನೋಡಿ. 8ನೇ ವಚನಕ್ಕೇ ನಿಲ್ಲಿಸಿದರೂ 6ನೇ ವಚನದಲ್ಲಿ ಸಮಾಧಿಯೊಳಗೆ ಕೂತಿದ್ದ ಯುವಕ 'ಆತನು ಎದ್ದಿದ್ದಾನೆ' ಎಂದು ಹೇಳಿಯಾಗಿದೆ. ಮಾರ್ಕನ ಸುವಾರ್ತೆ ಸುಮಾರು ಕ್ರಿಸ್ತಶಕ 70ರದ್ದು ಎನ್ನುತ್ತಾರೆ. ಅದಕ್ಕೂ ಮುಂಚೆ, 50ರ ದಶಕದಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲನು ಕ್ರಿಸ್ತನು ಸತ್ತು, ಹೂಣಲ್ಪಟ್ಟು, ಎದ್ದು, ಕೇಫನಿಗೂ (ಪೇತ್ರನಿಗೂ) ಹನ್ನೆರಡು ಮಂದಿ ಶಿಷ್ಯರಿಗೂ ಕಾಣಿಸಿಕೊಂಡದ್ದನ್ನು ತನಗೆ ಮೊದಲಿನವರು ಒಪ್ಪಿಸಿದ ಮಾತೆಂದು ಹೇಳುತ್ತಾನೆ. ಇದರಿಂದ ಪುನರುತ್ಥಾನ ನಡೆಯಿತೆಂದು ಸಾಬೀತಾಗುವುದಿಲ್ಲ. ಆ ನಂಬಿಕೆ ಮಾರ್ಕನ ಕೊನೆಗೆ ಯಾರೋ ಸೇರಿಸಿದ 12 ವಚನಗಳಿಂದ ಹುಟ್ಟಿದ್ದಲ್ಲ ಎಂಬುದು ಮಾತ್ರ ಖಚಿತ. ಒಂದು ವರ್ಷ ಓದಿದ ನಿಮಗೆ ಇದು ಗೊತ್ತಿಲ್ಲದಿರಲಾರದು. ಪಟ್ಟಿಯಲ್ಲಿ ಬಿಟ್ಟಿದ್ದೀರಿ, ಅಷ್ಟೆ.

ಇನ್ನೊಂದು ಸಂಗತಿ ಹೇಳುತ್ತೇನೆ. ಬ್ರೂಸ್ ಮೆಟ್ಜ್‌ಗರ್ ಎಂಬವರು ಪ್ರಿನ್ಸ್‌ಟನ್ ಸೆಮಿನರಿಯಲ್ಲಿ ಹೊಸ ಒಡಂಬಡಿಕೆ ಕಲಿಸುತ್ತಿದ್ದರು. ಗ್ರೀಕ್ ಪಾಠಾಂತರಗಳ ವಿಷಯದಲ್ಲಿ ಅವರ ಕಾಲದ ಅತಿ ದೊಡ್ಡ ಹೆಸರುಗಳಲ್ಲೊಂದು. ಪ್ರೆಸ್ಬಿಟೇರಿಯನ್ ಸಭೆಯ ದೀಕ್ಷೆ ಪಡೆದಿದ್ದ ಅವರು 2007ರಲ್ಲಿ ತೀರಿಕೊಳ್ಳುವವರೆಗೂ ವಿಶ್ವಾಸಿಯಾಗಿಯೇ ಇದ್ದರು. ಅವರ ಶಿಷ್ಯ ಬಾರ್ಟ್ ಅರ್ಮನ್ ಅದೇ ಪ್ರತಿಗಳನ್ನು ಅದೇ ಗುರುವಿನ ಬಳಿ ಓದಿ, ಮುಂದೆ ನಂಬಿಕೆ ಬಿಟ್ಟರು. 2005ರಲ್ಲಿ ಗುರುವಿನ ಪುಸ್ತಕದ ನಾಲ್ಕನೇ ಆವೃತ್ತಿಯನ್ನು ಇಬ್ಬರೂ ಸೇರಿಯೇ ತಂದರು! ಯಾವ ಪಾಠ ಹಳೆಯದು, ಯಾವುದು ಆಮೇಲೆ ಸೇರಿಸಿದ್ದು ಎನ್ನುವ ವಿಷಯದಲ್ಲಿ ಅವರು ಜಗಳವಾಡಿಕೊಳ್ಳಬೇಕಾಗಲಿಲ್ಲ. ತಾನು ನಂಬಿಕೆ ಬಿಟ್ಟದ್ದು ಪಾಠಾಂತರಗಳಿಂದಲ್ಲ, ಲೋಕದಲ್ಲಿರುವ ಸಂಕಟಕ್ಕೆ ಉತ್ತರ ಸಿಗದೆ ಎಂದು ಅರ್ಮನ್ ಅವರೇ ಹೇಳಿಕೊಂಡಿದ್ದಾರೆ. ಆದ್ದರಿಂದ ಇನ್ನೊಂದು ಪುಸ್ತಕ, ಇನ್ನೊಂದು ಉಪನ್ಯಾಸ ನಿಮ್ಮ ತೀರ್ಮಾನವನ್ನು ಮಾಡಿಕೊಡುತ್ತದೆ ಎಂದು ಕಾಯಬೇಡಿ. ಓದಿ, ಚೆನ್ನಾಗಿರುತ್ತದೆ. ಆದರೆ ಹಗಲು ಹೊತ್ತು, ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು, ಮನೆಯವರಿಗೆ ಕಾಣುವ ಹಾಗೆ ಓದಿ. ಕದ್ದು ಓದಿದರೆ ಒಳ್ಳೆಯ ವಿದ್ವತ್ತೂ ಚಾಡಿಮಾತಿನಂತೆ ಕೇಳಿಸುತ್ತದೆ.

ಸಂಡೇ ಸ್ಕೂಲ್ ಸದ್ಯಕ್ಕೆ ಬಿಡಬೇಡಿ. ಆ ಹುಡುಗ ಮತ್ತೆ ಕೇಳಿದರೆ, ಮಾರ್ಕ ಹೀಗೆ ಹೇಳುತ್ತಾನೆ, ಯೋಹಾನ ಹಾಗೆ ಹೇಳುತ್ತಾನೆ, ಎರಡನ್ನೂ ಓದೋಣ ಬಾ ಎನ್ನಿ. ಕೇಳಬಾರದು ಎಂದು ಮಾತ್ರ ಹೇಳಬೇಡಿ. ಆ ಮಾತು ಏನು ಮಾಡುತ್ತದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ.

ನಿಮಗೆ ನಾನು ಹೇಳುವ ಕೆಲಸ ಒಂದೇ. ಮಾವನ ಮನೆಗೆ ಹೋಗಿ. ಫೋನಿನಲ್ಲಿ ಬೇಡ, ಮೆಸೇಜಿನಲ್ಲಂತೂ ಬೇಡವೇ ಬೇಡ, ಆ ಪಟ್ಟಿಯನ್ನೂ ಒಯ್ಯಬೇಡಿ. ಎದುರು ಕೂತು ಕೇಳಿ: 'ಮಾವ, ಸೆಮಿನರಿಯಲ್ಲಿ ಇದನ್ನು ಮೊದಲ ಸಲ ಓದಿದಾಗ ನಿಮಗೇನಾಯಿತು? ಅದಾದ ಮೇಲೆ ಪ್ರಸಂಗಪೀಠ ಹತ್ತಿದ್ದು ಹೇಗೆ?' ವಾದ ಮಾಡಬೇಡಿ, ಹಳೆಯದನ್ನು ಎತ್ತಿ ಹಂಗಿಸಬೇಡಿ (ಹಂಗಿಸುವ ಕೆಲಸ ನಾನೇ ಮಾಡಿಯಾಗಿದೆ), ಕೇಳಿ ಸುಮ್ಮನೆ ಕೂರಿ.

ಎಲ್ಲವನ್ನೂ ತಿಳಿದ ಮೇಲೂ ಅವರಲ್ಲಿ ನಂಬಿಕೆ ಉಳಿದಿದ್ದರೆ, ಅದು ಹೇಗೆ ಉಳಿಯಿತು ಎನ್ನುವ ಲೆಕ್ಕವನ್ನು ಅವರು ನಿಮಗೆ ಒಪ್ಪಿಸಬೇಕು. ಉಳಿಯದೆ, ಬರೀ ಉದ್ಯೋಗವಾಗಿ ನಡೆಸಿಕೊಂಡು ಬಂದಿದ್ದರೆ, ಮನೆಯಲ್ಲಿ ಇಷ್ಟು ವರ್ಷ ಒಂಟಿಯಾಗಿದ್ದವರು ನೀವೊಬ್ಬರೇ ಅಲ್ಲ ಎಂದು ತಿಳಿಯುತ್ತದೆ. ಆ ಬಗ್ಗೆ ಯೋಚಿಸಿಯೇ ಇಲ್ಲ ಎಂದರೆ ಅದನ್ನೂ ಅವರ ಬಾಯಿಂದಲೇ ಕೇಳಿಸಿಕೊಂಡು ಬನ್ನಿ. ಕಣ್ಣಾರೆ ಕಾಣದೆ ನಂಬಲೊಲ್ಲೆ ಎಂದ ಶಿಷ್ಯ ತೋಮನ ಕಥೆ ಹೇಳಿ ಸಾಗಹಾಕಲು ನೋಡಿದರೆ, ಅದು ನಾನೇ ಮಕ್ಕಳಿಗೆ ಕಲಿಸುವ ಪಾಠ ಮಾವ ಎನ್ನಿ. ಪ್ರಾರ್ಥನೆ ಮಾಡೋಣ ಎಂದು ಕಣ್ಣು ಮುಚ್ಚಿದರೆ, ಮಾಡೋಣ, ಮೊದಲು ಉತ್ತರ ಹೇಳಿ ಎಂದು ಅಲ್ಲೇ ಕೂತಿರಿ.