ಸಂಪಾದಕರ ಉತ್ತರ: ಶ್ರೀಲಂಕಾ ಸಂಘರ್ಷದ ಬೇರು ಯಾವ ಇಸವಿಯಲ್ಲಿದೆ?

ಬಸವನಗುಡಿಯಿಂದ ಬರೆದ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಶ್ರೀಲಂಕಾ ಲೇಖನದ ಮೇಲೆ ನೀವು ಎರಡು ಆಕ್ಷೇಪ ಎತ್ತಿದ್ದೀರಿ. ಸಿಂಹಳ–ತಮಿಳು ಸಂಘರ್ಷದ ಬೇರು 1983ರ ಜುಲೈನಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರದಲ್ಲಿಲ್ಲ, ಸಿಂಹಳವೊಂದನ್ನೇ ಅಧಿಕೃತ ಭಾಷೆಯಾಗಿಸಿದ 1956ರ ‘ಸಿಂಹಳ ಮಾತ್ರ’ ಕಾಯ್ದೆಯಲ್ಲಿದೆ ಎಂಬುದು ಮೊದಲನೆಯದು. ಸುಳ್ಯದ ರಬ್ಬರ್ ತೋಟಗಳ ತಮಿಳರನ್ನು ಯುದ್ಧ ನಿರಾಶ್ರಿತರ ಲೆಕ್ಕದಿಂದ ಕೈಬಿಟ್ಟಿದ್ದೇಕೆ ಎಂಬುದು ಎರಡನೆಯದು.

ಸುಳ್ಯದ ವಿಷಯ ಮೊದಲು. ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ನೆಲೆಸಿದವರು ಯುದ್ಧಕ್ಕೆ ಹೆದರಿ ಬಂದವರಲ್ಲ. ಬ್ರಿಟಿಷರ ಕಾಲದಲ್ಲಿ ಸಿಲೋನಿನ (ಇಂದಿನ ಶ್ರೀಲಂಕಾ) ತೋಟಗಳಿಗೆ ಕೂಲಿಗೆ ಹೋದವರ ಸಂತತಿ. ಸಿಲೋನಿನ 1948ರ ಪೌರತ್ವ ಕಾಯ್ದೆ ಅಲ್ಲೇ ಹುಟ್ಟಿದವರನ್ನೂ ಬಿಡಲಿಲ್ಲ: ಅಪ್ಪ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಜ್ಜ, ಮುತ್ತಜ್ಜ ಇಬ್ಬರೂ ಅಲ್ಲಿ ಹುಟ್ಟಿರಬೇಕು, ಅದನ್ನು ಸಾಬೀತುಪಡಿಸಲೂಬೇಕು. ತೋಟದ ಲೈನ್ ಮನೆಯಲ್ಲಿ ಹುಟ್ಟಿದವನು ಮುತ್ತಜ್ಜನ ಜನನ ದಾಖಲೆಯನ್ನು ಎಲ್ಲಿಂದ ತರಬೇಕು? ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರ ಶಾಸ್ತ್ರಿ–ಸಿರಿಮಾವೊ ಒಪ್ಪಂದ (ಎರಡೂ ದೇಶಗಳ ಪ್ರಧಾನಿಗಳ ನಡುವಿನದು) 9.75 ಲಕ್ಷ ಜನರಲ್ಲಿ 5.25 ಲಕ್ಷವನ್ನು ಭಾರತದ ಪಾಲಿಗೆ, 3 ಲಕ್ಷವನ್ನು ಸಿಲೋನಿನ ಪಾಲಿಗೆ ಹಾಕಿತು, ಉಳಿದ 1.5 ಲಕ್ಷ 1974ರಲ್ಲಿ ಸಮಪಾಲಾಯಿತು. ಹಾಗೆ ಬಂದವರು ಭಾರತದ ಪ್ರಜೆಗಳು. ಅವರನ್ನು ‘ನಿರಾಶ್ರಿತರು’ ಎಂದು ಬರೆದರೆ ಇಂದಿಗೂ ಜಾತಿ ಪ್ರಮಾಣಪತ್ರಕ್ಕೋ ಪಡಿತರ ಚೀಟಿಗೋ ಹೋದಲ್ಲಿ ಅನುಮಾನಕ್ಕೆ ಎಡೆಮಾಡಿಕೊಟ್ಟಂತೆ. ಅದಕ್ಕೇ ಸೇರಿಸಲಿಲ್ಲ.

ಇನ್ನು ಬೇರಿನ ಪ್ರಶ್ನೆ. ಸರ್ಕಾರಿ ನೌಕರಿ ನೆಚ್ಚಿಕೊಂಡಿದ್ದ, ಉತ್ತರದ ಜಾಫ್ನಾ ತಮಿಳರ ಮಟ್ಟಿಗೆ ನಿಮ್ಮ 1956 ಸರಿ. ತೋಟದ ಕೂಲಿಗೆ ಅದು 1948. ಉತ್ತರ ಪ್ರಾಂತ್ಯದ ಮುಸ್ಲಿಮರಿಗೆ ಎರಡೂ ಅಲ್ಲ. 1990ರ ಅಕ್ಟೋಬರಿನಲ್ಲಿ 70 ಸಾವಿರಕ್ಕೂ ಹೆಚ್ಚು ಮುಸ್ಲಿಮರನ್ನು ಹೊರಗಟ್ಟಿದ್ದು ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಎಲ್‌ಟಿಟಿಇ. ಜಾಫ್ನಾ ನಗರದಲ್ಲಿ ಮನೆ ಬಿಡಲು ಸಿಕ್ಕಿದ್ದು 2 ಗಂಟೆ. ಅವರಾಡುವ ಭಾಷೆಯೂ ತಮಿಳೇ. 1956ರ ಭಾಷಾ ಜಗಳವೊಂದನ್ನೇ ಬೇರು ಎಂದರೆ ಇವರಿಗೆ ಆ ಚರಿತ್ರೆಯಲ್ಲಿ ಜಾಗವೇ ಇರುವುದಿಲ್ಲ. ಅದನ್ನು ನಾವು ಒಪ್ಪುವುದಿಲ್ಲ.

ಇಸವಿಯ ಈ ವಾದ ಜಮೀನಿಗೂ ತಟ್ಟುತ್ತದೆ. ಶ್ರೀಲಂಕಾದಲ್ಲಿ ಪರರ ಜಮೀನನ್ನು 10 ವರ್ಷ ಅಡೆತಡೆಯಿಲ್ಲದೆ ಅನುಭವಿಸಿದವನು ಒಡೆತನ ಕೇಳಬಹುದು (ನಮ್ಮಲ್ಲಿ 12 ವರ್ಷ). 1990ರಲ್ಲಿ ಹೊರಬಿದ್ದವರು ಯುದ್ಧ ಮುಗಿದ ಮೇಲೆ ಮರಳುವಷ್ಟರಲ್ಲಿ ಆ ಗಡುವು ಎಂದೋ ದಾಟಿತ್ತು. 2016ರ ವಿಶೇಷ ಕಾಯ್ದೆ 1983ರ ಮೇ 1ರಿಂದ 2009ರ ಮೇ 18ರವರೆಗಿನ ಅವಧಿಯನ್ನು ಸ್ಥಳಾಂತರಗೊಂಡವರ ವಿರುದ್ಧ ಎಣಿಸಬಾರದು ಎಂದಿತು. ಆದರೆ ಅದು ಬರುವ ಹೊತ್ತಿಗೆ 26 ವರ್ಷ ಕಳೆದಿತ್ತು. ಜಮೀನಿನ ಯಜಮಾನ ತೀರಿಕೊಂಡಿದ್ದರೆ ಮಕ್ಕಳು ಕ್ರಯಪತ್ರವನ್ನಷ್ಟೇ ಅಲ್ಲ, ತಾವೇ ವಾರಸುದಾರರೆಂಬುದನ್ನೂ ರುಜುವಾತು ಮಾಡಬೇಕು.

– ಸಂ.