ಕ್ಲೈಮ್ಯಾಕ್ಸ್ ಹೇಳಿದ್ದೂ ಭಾವ, ಗ್ರೂಪ್ ಬಿಟ್ಟಿದ್ದೂ ಭಾವ

ಪ್ರಶ್ನೆ: ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ರಜೆ ಮಂಗಳವಾರ ಮಾತ್ರ. ಹೊಸ ಥ್ರಿಲ್ಲರ್ ಸಿನಿಮಾಕ್ಕೆ ಟಿಕೆಟ್ ಬುಕ್ ಮಾಡಿದ್ದೆ. ಚಿತ್ರದುರ್ಗದ ಭಾವ ಶುಕ್ರವಾರವೇ ನೋಡಿ, ಕೊಲೆಗಾರ ಯಾರು ಅಂತ ಮನೆಯವರ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಿಬಿಟ್ಟರು. 'ವಯಸ್ಸಾದ್ರೂ ಬುದ್ಧಿ ಬಂದಿಲ್ಲ' ಅಂತ ಅಲ್ಲೇ ಬರೆದೆ. 'ಕಥೆ ಗೊತ್ತಿದ್ರೂ ಬಯಲಾಟ ಬೆಳಗಿನ ತನಕ ನೋಡಲ್ವಾ?' ಅಂದು ಅವರು ಗ್ರೂಪ್ ಬಿಟ್ಟರು. ಅಕ್ಕ ಫೋನ್ ಎತ್ತುತ್ತಿಲ್ಲ. ಮುಂದಿನ ತಿಂಗಳು ಅವರ ಮಗನ ಜವಳ ಇದೆ. ತಪ್ಪು ಅವರದು, ನಾನ್ಯಾಕೆ ಕ್ಷಮೆ ಕೇಳಬೇಕು?

ಉತ್ತರ: ಭಾವನ ಬಯಲಾಟದ ಮಾತು ತಳ್ಳಿಹಾಕುವಂಥದ್ದಲ್ಲ. ದುರ್ಯೋಧನನ ತೊಡೆ ಮುರಿಯುತ್ತೆ ಅಂತ ಗೊತ್ತಿದ್ದೇ ಜನ ಚಾಪೆ ಹಾಸಿಕೊಂಡು ಕೂರುತ್ತಾರೆ, ಅವರಿಗೆ ಬೇಕಿರೋದು ಪಾತ್ರಧಾರಿಯ ಕುಣಿತ, ಮಾತು. 2011ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಸಣ್ಣಕಥೆ ಓದಿಸಿ ನೋಡಿದಾಗ, ಕೊನೆ ಮೊದಲೇ ಗೊತ್ತಿದ್ದವರಿಗೇ ಕಥೆ ಜಾಸ್ತಿ ಇಷ್ಟವಾಗಿತ್ತು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಉಲ್ಟಾ ಉತ್ತರ ಬಂತು ಅನ್ನೋದು ಬೇರೆ ಮಾತು.

ಆದರೆ ಕೊಲೆಗಾರನನ್ನು ಹುಡುಕುವ ಕಥೆಯಲ್ಲಿ ಗುಟ್ಟೇ ಬಂಡವಾಳ. ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಅಂತ 2015ರಿಂದ 2017ರವರೆಗೆ ದೇಶವೇ ತಲೆ ಕೆಡಿಸಿಕೊಂಡಿತ್ತಲ್ಲ! ಲಂಡನ್ನಿನಲ್ಲಿ 1952ರಲ್ಲಿ ಶುರುವಾದ 'ದಿ ಮೌಸ್‌ಟ್ರ್ಯಾಪ್' ನಾಟಕದ ಕೊನೆಗೆ, ಕೊಲೆಗಾರ ಯಾರಂತ ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನೇ ಕೇಳಿಕೊಳ್ಳುತ್ತಾರೆ. ಮೊದಲೇ ತಿಳಿಯಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ಟಿಕೆಟ್ ತಗೊಂಡ ನೀವು. ಅಷ್ಟರಮಟ್ಟಿಗೆ ತಪ್ಪು ಭಾವನದೇ. ಹಾಗಂತ ಸಿನಿಮಾ ಓಟಿಟಿಗೆ ಬಂದ ಮೇಲೂ ಎಲ್ಲರೂ ಬಾಯಿ ಮುಚ್ಚಿಕೊಂಡಿರಲಿ ಅಂದರೆ ಅದು ಜಾಸ್ತಿಯಾಯ್ತು.

ಇನ್ನು ನೀವು ಬರೆದದ್ದು. ಆ ಗ್ರೂಪ್‌ನಲ್ಲಿ ನಿಮ್ಮ ಅಪ್ಪ, ಅಮ್ಮ, ಚಿಕ್ಕಪ್ಪಂದಿರೆಲ್ಲ ಇರುತ್ತಾರೆ ಅಲ್ವಾ? ಅಂದ್ರೆ ಮನೆ ಅಳಿಯನಿಗೆ ಮಾವನ ಮನೆಯವರೆಲ್ಲ ಓದುವ ಹಾಗೆ, ವಯಸ್ಸಲ್ಲಿ ಚಿಕ್ಕವರಾದ ನೀವು ಬುದ್ಧಿ ಇಲ್ಲ ಅಂದಿರಿ. ಅವರು ಗ್ರೂಪ್ ಬಿಟ್ಟದ್ದು ಸಿನಿಮಾಕ್ಕಲ್ಲ, ಈ ಅವಮಾನಕ್ಕೆ. ನಿಮ್ಮ ಅಕ್ಕ ಪಾಪ, ಯಾರ ಕಡೆ ಮಾತಾಡಿದರೂ ಕಷ್ಟ ಅಂತ ಸುಮ್ನಾಗಿದ್ದಾರೆ, ಅವರ ಕೈಯಲ್ಲಿ ಹೇಳಿ ಕಳಿಸಬೇಡಿ.

ನೇರ ಭಾವನಿಗೇ ಫೋನ್ ಮಾಡಿ. 'ಎಲ್ಲರ ಮುಂದೆ ಹಾಗೆ ಅಂದಿದ್ದು ತಪ್ಪಾಯ್ತು ಭಾವ' ಅನ್ನಿ, ಅಲ್ಲಿಗೇ ನಿಲ್ಲಿಸಿ. ಅದರ ಹಿಂದೆಯೇ 'ಆದ್ರೆ ನೀವೂ' ಅಂತ ಸೇರಿಸಿದರೆ ಫೋನ್ ಮಾಡಿದ್ದೇ ದಂಡ. ಕೊಲೆಗಾರನ ವಿಷಯಕ್ಕೆ ನೀವು ಕ್ಷಮೆ ಕೇಳಬೇಕಾಗಿಲ್ಲ. ಮಾತು ಸಡಿಲವಾದ ಮೇಲೆ, ಇನ್ಮೇಲೆ ಮಂಗಳವಾರದ ತನಕ ತಡೀರಿ ಅಂತ ಕೇಳಿ. ತಡೆಯೋಕೆ ಆಗದಿದ್ದರೆ ಮೊದಲ ಸಾಲಲ್ಲಿ ಸಿನಿಮಾ ಹೆಸರು, 'ನೋಡದವರು ಓದಬೇಡಿ' ಅಂತ ಹಾಕಿ, ಕೆಳಗೆ ಸಾಕಷ್ಟು ಖಾಲಿ ಸಾಲು ಬಿಟ್ಟು ಬರೆಯಲಿ. ಆಗ ಉಳಿದದ್ದು ಒತ್ತಿದರೆ ಮಾತ್ರ ಕಾಣುತ್ತೆ. ನೀವೂ ಶುಕ್ರವಾರ ಗ್ರೂಪ್ ತೆರೆಯದೆ ಇರಬಹುದಿತ್ತು ಬಿಡಿ.

ಜವಳಕ್ಕೆ ಮಗು ಕೂರೋದು ಸೋದರಮಾವನ ತೊಡೆ ಮೇಲೆ, ಅಂದರೆ ನಿಮ್ಮ ತೊಡೆ ಮೇಲೆ. ಈ ಮಾತುಕತೆಯನ್ನು ಆ ದಿನದವರೆಗೆ ಎಳೆಯಬೇಡಿ, ಈ ಮಂಗಳವಾರವೇ ಮುಗಿಸಿ.