ಕಾನೂನು ಪ್ರಶ್ನೋತ್ತರ: ಕೇಸು ಖುಲಾಸೆಯಾಯಿತು, ಪೊಲೀಸ್ ದಾಖಲೆ ಅಳಿಯುತ್ತದೆಯೇ?

ಪ್ರಶ್ನೆ: ಹೊಡೆದಾಟದ ಕೇಸಿನಲ್ಲಿ 2023ರಲ್ಲಿ ನನ್ನನ್ನು ಬಂಧಿಸಿ, ಬೆರಳಚ್ಚು, ಫೋಟೊ ತೆಗೆದುಕೊಂಡಿದ್ದರು. ಈಗ ಮ್ಯಾಜಿಸ್ಟ್ರೇಟ್ ಕೋರ್ಟು ಖುಲಾಸೆ ಮಾಡಿದೆ. ಆ ದಾಖಲೆಯೆಲ್ಲ ತಾನಾಗಿಯೇ ಹೋಗುತ್ತದೆಯೇ?

ಉತ್ತರ: ಎಲ್ಲವೂ ಹೋಗುವುದಿಲ್ಲ. ಎಫ್‌ಐಆರ್, ದೋಷಾರೋಪ ಪಟ್ಟಿ, ತೀರ್ಪು ಇವನ್ನು ಅಳಿಸಿಹಾಕುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಅಳಿಸಲು ಅವಕಾಶವಿರುವುದು ಬೆರಳಚ್ಚು, ಫೋಟೊ, ಕಣ್ಣಿನ ಸ್ಕ್ಯಾನ್, ಸಹಿಯಂಥ ಗುರುತುಗಳಿಗೆ. ಕಾಯ್ದೆ ಇವನ್ನು ‘ಅಳತೆ’ ಎನ್ನುತ್ತದೆ.

2022ರ ಆಗಸ್ಟ್ 4ರಿಂದ ಜಾರಿಯಲ್ಲಿರುವ ದಂಡ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆಯಂತೆ ಈ ಅಳತೆಗಳನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 75 ವರ್ಷ ಇಟ್ಟುಕೊಳ್ಳಬಹುದು. ಆದರೆ ವಿಚಾರಣೆಯಿಲ್ಲದೆ ಬಿಡುಗಡೆಯಾದವರ, ಆರೋಪಮುಕ್ತರಾದವರ, ಖುಲಾಸೆಯಾದವರ ಅಳತೆಗಳನ್ನು ನಾಶಪಡಿಸಬೇಕು ಎಂದು 4(2)ನೇ ಕಲಮು ಹೇಳುತ್ತದೆ. ಕೋರ್ಟು ಕಾರಣ ಬರೆದು ಬೇರೆ ಆದೇಶ ಮಾಡಿದ್ದರೆ ಮಾತ್ರ ಉಳಿಸಿಕೊಳ್ಳಬಹುದು.

ಜನ ಎಡವುವುದು ಇದರ ಷರತ್ತುಗಳಲ್ಲಿ. ಮೊದಲನೆಯದು, ಮೇಲ್ಮನವಿಯ ದಾರಿ ಪೂರ್ತಿ ಮುಗಿದಿರಬೇಕು. ಖುಲಾಸೆಯ ವಿರುದ್ಧ ಸರ್ಕಾರ ಹೈಕೋರ್ಟಿಗೆ ಹೋಗಲು 90 ದಿನ ಕಾಲಾವಕಾಶವಿದೆ, ತಡವಾದರೆ ಕೋರ್ಟು ಮನ್ನಿಸಲೂಬಹುದು. ಗಾಯಗೊಂಡವರೂ ಮೇಲ್ಮನವಿ ಹಾಕಬಹುದು. ಹಾಗಾಗಿ ಅವಧಿ ಕಳೆದ ಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ, ಮೇಲ್ಮನವಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಎರಡನೆಯದು, ಜೈಲುಶಿಕ್ಷೆ ವಿಧಿಸಬಹುದಾದ ಯಾವುದೇ ಅಪರಾಧದಲ್ಲಿ ಹಿಂದೆ ಶಿಕ್ಷೆಯಾಗಿರಬಾರದು. ಜೈಲಿಗೆ ಹೋಗಿರಲೇಬೇಕೆಂದಿಲ್ಲ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದು, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದಿದ್ದರೂ ಅದು ಶಿಕ್ಷೆಯೇ. ಆ ಅಪರಾಧಕ್ಕೆ ಮೊದಲ ಸಲವೇ ಆರು ತಿಂಗಳವರೆಗೆ ಜೈಲಿಗೆ ಅವಕಾಶವಿರುವುದರಿಂದ ಈ ರಿಯಾಯಿತಿ ಕೈತಪ್ಪುತ್ತದೆ.

ಈಗ ಮಾಡಬೇಕಾದ್ದು: ಕೋರ್ಟಿನ ನಕಲು ವಿಭಾಗದಲ್ಲಿ ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. ಒಂದಕ್ಕಿಂತ ಹೆಚ್ಚು ಪ್ರತಿ ತೆಗೆದುಕೊಳ್ಳಿ, ಮುಂದೆ ಹಲವು ಕಡೆ ಬೇಕಾಗುತ್ತದೆ. ಅದರೊಂದಿಗೆ ರಾಜ್ಯ ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ ಅಳತೆ ನಾಶಪಡಿಸುವಂತೆ ಮನವಿ ಬರೆಯಿರಿ. ಆ ಗುರುತುಗಳು ಬೇರೆ ಕೇಸಿಗೆ ತಳುಕು ಹಾಕಿಕೊಂಡಿಲ್ಲವೆಂದು ಅವರು ಪರಿಶೀಲಿಸಿ ಬ್ಯೂರೊಗೆ ಶಿಫಾರಸು ಮಾಡುತ್ತಾರೆ. ಠಾಣೆಯ ಕ್ರೈಂ ನಂಬರ್ ಬೇರೆ, ಕೋರ್ಟಿನ ಸಿ.ಸಿ. ನಂಬರ್ ಬೇರೆ. ಮನವಿಯಲ್ಲಿ ಎರಡನ್ನೂ ಬರೆಯಿರಿ. ಎಫ್‌ಐಆರ್‌ನಲ್ಲಿ ನಿಮ್ಮ ಹೆಸರು, ಇನಿಷಿಯಲ್ ಹೇಗಿದೆಯೋ ಹಾಗೆಯೇ ಇರಲಿ. ಆಧಾರ್‌ನಲ್ಲಿ ಬೇರೆ ಥರ ಇದ್ದರೆ ಅದನ್ನೂ ತಿಳಿಸಿ. ಸ್ವೀಕೃತಿ ಪಡೆಯಿರಿ. ಉತ್ತರವೇ ಬಾರದಿದ್ದರೆ ಆ ಸ್ವೀಕೃತಿಯ ಬಲದ ಮೇಲೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಖುಲಾಸೆಯಾದವರೇ ಇಷ್ಟೆಲ್ಲ ಅಲೆಯಬೇಕಾಗಿರುವುದು ನ್ಯಾಯವಲ್ಲ.

ಪ್ರಶ್ನೆ: ನಾನು ಕೇಸಿನಿಂದ ಖುಲಾಸೆಯಾಗಿದ್ದೇನೆ. ಸರ್ಕಾರಿ ನೌಕರಿಯ ಫಾರಂನಲ್ಲಿ ‘ಎಂದಾದರೂ ಬಂಧನವಾಗಿತ್ತೆ?’ ಎಂದು ಕೇಳಿದ್ದಾರೆ. ‘ಇಲ್ಲ’ ಎಂದು ಬರೆಯಬಹುದೇ?

ಉತ್ತರ: ಖಂಡಿತ ಬೇಡ. ಎಷ್ಟೋ ನೌಕರಿ ಹೋಗುವುದು ಕೇಸಿನಿಂದಲ್ಲ, ಮುಚ್ಚಿಟ್ಟಿದ್ದರಿಂದ. ಕೇಳಿದ ಮಾಹಿತಿಯನ್ನು ಸರಿಯಾಗಿ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಪ್ರಶ್ನೆಯನ್ನು ಎರಡು ಸಲ ಓದಿ. ‘ಬಾಕಿ ಇರುವ ಕೇಸು’ ಎಂದಷ್ಟೇ ಕೇಳಿದ್ದರೆ ಮುಗಿದ ಕೇಸನ್ನು ಬರೆಯಬೇಕಿಲ್ಲ. ‘ಎಂದಾದರೂ’ ಎಂದಿದ್ದರೆ ‘ಹೌದು’ ಎಂದು ಬರೆದು, ಕ್ರೈಂ ನಂಬರ್, ಖುಲಾಸೆಯ ದಿನಾಂಕ ನಮೂದಿಸಿ ತೀರ್ಪಿನ ಪ್ರತಿ ಲಗತ್ತಿಸಿ. ಸಂಶಯದ ಲಾಭ ಕೊಟ್ಟು ಬಿಟ್ಟಿದ್ದಾರೋ, ಆರೋಪವೇ ಸುಳ್ಳೆಂದು ಬಿಟ್ಟಿದ್ದಾರೋ ಎಂಬುದನ್ನು ಪೊಲೀಸ್ ನೇಮಕಾತಿಯಲ್ಲಿ ವಿಶೇಷವಾಗಿ ನೋಡುತ್ತಾರೆ.

ಪ್ರಶ್ನೆ: ಮಗ 17 ವರ್ಷದವನಿದ್ದಾಗ ಬೈಕ್ ಕಳವಿನ ಕೇಸಿನಲ್ಲಿ ಸಿಕ್ಕಿದ್ದ. ಬಾಲ ನ್ಯಾಯ ಮಂಡಳಿಯಲ್ಲಿ ಕೇಸು ಮುಗಿದಿದೆ. ಅವನ ಭವಿಷ್ಯಕ್ಕೆ ಇದು ಕಪ್ಪುಚುಕ್ಕೆಯೇ?

ಉತ್ತರ: ಅಲ್ಲ. ಇಲ್ಲಿ ಕಾನೂನು ಮಕ್ಕಳ ಪರವಾಗಿ ಗಟ್ಟಿಯಾಗಿ ನಿಂತಿದೆ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನಂತೆ ಇಂಥ ಕೇಸಿನಿಂದ ಯಾವ ಅನರ್ಹತೆಯೂ ತಟ್ಟುವುದಿಲ್ಲ, ದಾಖಲೆಯನ್ನೂ ನಾಶಪಡಿಸಬೇಕು. ಮುಗಿದ ಕೇಸಿನ ವಿವರವನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ ಎಂದು 74(2)ನೇ ಕಲಮು ಹೇಳುತ್ತದೆ. 16 ದಾಟಿದವರನ್ನು ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯ ವಯಸ್ಕರಂತೆ ವಿಚಾರಿಸಿ ತಪ್ಪಿತಸ್ಥರೆಂದರೆ ಮಾತ್ರ ಈ ರಕ್ಷಣೆ ಸಿಗದು. ಸಾಮಾನ್ಯ ಕಳವು ಆ ಸಾಲಿಗೆ ಬರುವುದಿಲ್ಲ. ಮಂಡಳಿಯ ಆದೇಶದಲ್ಲಿ ದಾಖಲೆ ನಾಶದ ಮಾತು ಇದೆಯೇ ನೋಡಿ, ಇಲ್ಲದಿದ್ದರೆ ಅದಕ್ಕಾಗಿ ಮಂಡಳಿಗೇ ಅರ್ಜಿ ಕೊಡಿ.

ಪ್ರಶ್ನೆ: ಗೂಗಲ್‌ನಲ್ಲಿ ನನ್ನ ಹೆಸರು ಹುಡುಕಿದರೆ ಹಳೇ ಕೇಸಿನ ತೀರ್ಪೇ ಮೊದಲು ಬರುತ್ತದೆ. ಏನು ಮಾಡಲಿ?

ಉತ್ತರ: ಇದಿನ್ನೂ ಇತ್ಯರ್ಥವಾಗದ ವಿಷಯ. ಖುಲಾಸೆಯಾದವರೊಬ್ಬರ ತೀರ್ಪನ್ನು ತೆಗೆಯುವಂತೆ ಮದ್ರಾಸ್ ಹೈಕೋರ್ಟ್ ಜಾಲತಾಣವೊಂದಕ್ಕೆ ಮಾಡಿದ್ದ ಆದೇಶಕ್ಕೆ ಸುಪ್ರೀಂ ಕೋರ್ಟ್ 2024ರಲ್ಲಿ ತಡೆ ನೀಡಿತು. ಆದರೂ ಹೈಕೋರ್ಟಿಗೆ ಅರ್ಜಿ ಹಾಕಲು ಅಡ್ಡಿಯಿಲ್ಲ. ತೀರ್ಪನ್ನೇ ತೆಗೆಯಿರಿ ಎನ್ನುವುದಕ್ಕಿಂತ ನಿಮ್ಮ ಹೆಸರು, ವಿಳಾಸವನ್ನಷ್ಟೇ ಮರೆಮಾಡಿ ಎಂದು ಕೇಳಿ. ಆ ಕೋರಿಕೆಯನ್ನು ಒಪ್ಪುವುದು ಕೋರ್ಟಿಗೂ ಸುಲಭ.